ಶಕ್ತಿನಗರದ ಆಕಾಶಕ್ಕೆ ಸಣ್ಣ ದೂರದರ್ಶಕ

ಹೊಸಬರು ಕೊಳ್ಳುವ ದೂರದರ್ಶಕಗಳ ವ್ಯಾಸ ಸಾಮಾನ್ಯವಾಗಿ 60ರಿಂದ 130 ಮಿಲಿಮೀಟರ್. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿರುವುದು ಮಾತ್ರ ನೂರಾರು ಪಟ್ಟು ದೊಡ್ಡದಾಗಿ ತೋರಿಸುವ ಭರವಸೆ. ಅದನ್ನು ನಂಬಬೇಕಿಲ್ಲ. ದೂರದರ್ಶಕದ ನಾಭಿದೂರವನ್ನು ಐಪೀಸಿನ ನಾಭಿದೂರದಿಂದ ಭಾಗಿಸಿದರೆ ಬರುವುದೇ ವರ್ಧನೆ. 700 ಮಿ.ಮೀ. ನಾಭಿದೂರಕ್ಕೆ 25 ಮಿ.ಮೀ. ಐಪೀಸ್ ಹಾಕಿದರೆ 28 ಪಟ್ಟು, 10ರದು ಹಾಕಿದರೆ 70. ವ್ಯಾಸದ ಒಂದೊಂದು ಮಿಲಿಮೀಟರಿಗೆ ಎರಡು ಪಟ್ಟಿನಂತೆ ಮಿತಿಯಿದೆ, 70 ಮಿ.ಮೀ. ಮಸೂರದಲ್ಲಿ 140ರ ಆಚೆ ಬರೀ ಮಸುಕು. ನಡುಗುವ ಮುಕ್ಕಾಲಿಯ ಮೇಲೆ ಅಷ್ಟೂ ದಕ್ಕುವುದಿಲ್ಲ. ಹಣ ಕಡಿಮೆಯಿದ್ದವರು ಹೆಚ್ಚುವರಿ ಐಪೀಸ್ ಬಿಟ್ಟು ಗಟ್ಟಿ ಪೀಠ ನೋಡಿಕೊಳ್ಳುವುದು ಜಾಣತನ.

ಶಕ್ತಿನಗರದಲ್ಲಿ ಶಾಖೋತ್ಪನ್ನ ವಿದ್ಯುತ್ ಕೇಂದ್ರದ ದೀಪಗಳು ರಾತ್ರಿಯಿಡೀ ಉರಿಯುತ್ತವೆ. ಚಂದ್ರ, ಗುರು, ಶನಿಗಳಿಗೆ ಈ ಬೆಳಕು ಅಡ್ಡಿಯಲ್ಲ. ಅವನ್ನು ಕೆಡಿಸುವುದು ಬಿಸಿ. ರಾಯಚೂರಿನ ಬಿಸಿಲಿಗೆ ಕಾದ ಮಾಳಿಗೆ ಕತ್ತಲಾದ ಮೇಲೂ ಬಹಳ ಹೊತ್ತು ಶಾಖ ಬಿಡುತ್ತಿರುತ್ತದೆ. ಮೇಲೇಳುವ ಆ ಗಾಳಿಯಲ್ಲಿ ಗ್ರಹದ ಬಿಂಬ ಕದಡುತ್ತದೆ. ಮಣ್ಣಿನ ಅಂಗಳ ಮೇಲು. ಕೊಳವೆಯನ್ನು ಅರ್ಧ ಗಂಟೆ ಮೊದಲೇ ಹೊರಗಿಟ್ಟರೆ ಇನ್ನೂ ಒಳ್ಳೆಯದು.

ಚಂದ್ರನನ್ನು ನೋಡಲು ಹುಣ್ಣಿಮೆ ಅತ್ಯಂತ ನೀರಸ ದಿನ. ಶುಕ್ಲ ಅಷ್ಟಮಿಯ ಆಸುಪಾಸಿನಲ್ಲಿ ಅಲ್ಲಿನ ಹಗಲು ಇರುಳಿನ ಗಡಿಯುದ್ದಕ್ಕೂ ಕುಳಿಗಳ ನೆರಳು ಚಾಚಿಕೊಂಡಿರುತ್ತದೆ. 1610ರಲ್ಲಿ ಗೆಲಿಲಿಯೊ ಕಂಡ ಗುರುವಿನ ನಾಲ್ಕು ಉಪಗ್ರಹಗಳಿಗೆ 28 ಪಟ್ಟು ಧಾರಾಳ. ಸಂಜೆ ಇದ್ದ ಜಾಗದಲ್ಲಿ ಅವು ಬೆಳಗಿನ ಜಾವಕ್ಕೆ ಇರುವುದಿಲ್ಲ. 2025ರಲ್ಲಿ ಗೆರೆಯಂತೆ ತೆಳುವಾಗಿದ್ದ ಶನಿಯ ಉಂಗುರಗಳು ಈಗ ವರ್ಷದಿಂದ ವರ್ಷಕ್ಕೆ ಅಗಲವಾಗಿ ತೆರೆದುಕೊಳ್ಳುತ್ತವೆ.

ನೀಹಾರಿಕೆ, ತಾರಾಗುಚ್ಛಗಳಿಗೆ ಕತ್ತಲೆ ಬೇಕು. ರಾಯಚೂರು ನಗರ ಶಕ್ತಿನಗರದ ದಕ್ಷಿಣಕ್ಕಿರುವುದರಿಂದ ಅದರ ಹೊಳಪು ಹಬ್ಬುವುದೂ ಅತ್ತಲೇ. ಅಮಾವಾಸ್ಯೆಯ ಹೊತ್ತಿಗೆ ದೇವದುರ್ಗ, ಮಾನ್ವಿ ಕಡೆಯ ಹೊಲಗಳಿಗೆ ಹೋದರೆ ದಕ್ಷಿಣದ ಆಕಾಶವೇ ಬೇರೆ. ಈ ಸೀಮೆ ಇರುವುದು ಸುಮಾರು 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಲಂಡನ್ನಿನವರಿಗೆ ಎಂದೂ ಉದಯಿಸದ ಒಮೆಗಾ ಸೆಂಟಾರಿ ಗುಚ್ಛ ಮೇ ನಡುವಿನ ರಾತ್ರಿ ಹತ್ತರ ಸುಮಾರಿಗೆ ಇಲ್ಲಿ ದಕ್ಷಿಣದಲ್ಲಿ 26 ಡಿಗ್ರಿ ಎತ್ತರದಲ್ಲಿರುತ್ತದೆ. ಚಾಚಿದ ಕೈಯ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ, ಹಾಗಾಗಿ ದಿಗಂತದಿಂದ ಎರಡೂವರೆ ಮುಷ್ಟಿ ಮೇಲೆ ಹುಡುಕಿದರಾಯಿತು. ಲಕ್ಷಾಂತರ ನಕ್ಷತ್ರಗಳ ಗುಚ್ಛವದು, ಸಣ್ಣ ದೂರದರ್ಶಕದಲ್ಲಿ ದುಂಡಗಿನ ಮಂಜಿನ ಉಂಡೆ. ಚಳಿಗಾಲದಲ್ಲಿ ಮಹಾವ್ಯಾಧನ ನೀಹಾರಿಕೆ ನೆತ್ತಿಯ ಹತ್ತಿರವೇ ಬರುತ್ತದೆ. ಫೋಟೊಗಳ ಕೆಂಪು, ನೀಲಿ ಕಣ್ಣಿಗೆ ಕಾಣುವುದಿಲ್ಲ, ಕಾಣುವುದು ಬೂದುಬಣ್ಣ.

ಹಗಲಿನ ಮಾತೂ ಒಂದಿದೆ. 1980ರ ಫೆಬ್ರವರಿ 16ರ ಖಗ್ರಾಸ ಸೂರ್ಯಗ್ರಹಣದ ನೆರಳು ರಾಯಚೂರು ಜಿಲ್ಲೆಯ ಮೇಲೆ ಹಾದಾಗ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು ಜವಳಗೇರಾದಲ್ಲಿ ಬೀಡುಬಿಟ್ಟಿದ್ದರು. ಸೂರ್ಯನನ್ನು ನೋಡುವ ಆಸೆ ಇಲ್ಲಿ ಹೊಸದಲ್ಲ. ಆದರೆ ಸೌರ ಫಿಲ್ಟರ್ ಕೊಳವೆಯ ಮುಂಬದಿಗೇ ಇರಬೇಕು. ಕೆಲವು ಅಗ್ಗದ ದೂರದರ್ಶಕಗಳ ಜೊತೆ ಬರುವ, ಐಪೀಸಿಗೆ ತಿರುಗಿಸಿ ಕೂರಿಸುವ ಕಪ್ಪು ಗಾಜು ಕಾವಿಗೆ ಒಡೆಯಬಲ್ಲದು. ಒಡೆದ ಕ್ಷಣವೇ ಕಣ್ಣು ಹೋಗುತ್ತದೆ. ಅಂಥದ್ದು ಡಬ್ಬಿಯಲ್ಲಿದ್ದರೆ ಮೊದಲು ತೆಗೆದು ಬಿಸಾಡಬೇಕು.