ಮೊದಲು ಮಗುಚಿ ನೋಡಿ: ಹಳೆಯ ಡೈವ್ ವಾಚುಗಳ ರಸಿಕರಿಗೊಂದು ಕೈಪಿಡಿ

ಹಳೆಯ ಡೈವ್ ವಾಚೊಂದನ್ನು ಕೈಗಿತ್ತರೆ ಹೆಚ್ಚಿನವರು ಕೇಳುವುದು ಎರಡೇ ಪ್ರಶ್ನೆ: ಎಷ್ಟು ಕೊಟ್ಟಿರಿ, ಈಗ ಮಾರಿದರೆ ಎಷ್ಟು ಬರುತ್ತದೆ? ಈ ಬರಹ ಅವರಿಗಲ್ಲ. ಮಾಲಿನಿಂದ ಅಂಗೈಯಗಲದ ಹೊಸ ವಾಚು ತಂದು, ತೋಳು ಮಡಚಿ ತೋರಿಸಿಕೊಳ್ಳುವವರಿಗೂ ಅಲ್ಲ. ‘ಅಪೊಕ್ಯಾಲಿಪ್ಸ್ ನೌ’ (1979) ಚಿತ್ರದಲ್ಲಿ ಮಾರ್ಟಿನ್ ಶೀನ್ ಕಟ್ಟಿದ್ದರು ಎಂಬ ಒಂದೇ ಕಾರಣಕ್ಕೆ ಸೀಕೋ 6105ರ ಹಿಂದೆ ಓಡುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಆ ಚಿತ್ರ ಬರುವ ಮೊದಲೇ ಅದು ಒಳ್ಳೆಯ ವಾಚಾಗಿತ್ತು.

ಎಚ್‌ಎಂಟಿ ಜನತಾಕ್ಕೆ ದಿನಾ ಬೆಳಿಗ್ಗೆ ಕೀ ಕೊಟ್ಟು ಬೆಳೆದ ನಾಡು ನಮ್ಮದು. ಹಾಗಾಗಿ ಸ್ಪ್ರಿಂಗ್ ಹೇಗೆ ಓಡುತ್ತದೆ, ಬೆಜೆಲ್ ಯಾಕೆ ತಿರುಗುತ್ತದೆ ಎಂದು ಹೇಳಲು ಕೂರುವುದಿಲ್ಲ. ನಿಮಗೆ ದಾಟಿಸಬೇಕಾದ್ದು ಒಂದೇ ಸಂಗತಿ: ಡೈವ್ ವಾಚಿನ ರಸವೆಲ್ಲ ಅದು ನೀರನ್ನು ಹೊರಗಿಡುವ ಬಗೆಯಲ್ಲಿದೆ. 1953ರ ಆಸುಪಾಸಿನಲ್ಲಿ ಬ್ಲಾಂಪಾ ಮತ್ತು ರೋಲೆಕ್ಸ್ ಅದನ್ನು ದುಬಾರಿ ಯಂತ್ರಗಳಿಂದ, ಕೂದಲೆಳೆಯ ನಿಖರತೆಯಿಂದ ಸಾಧಿಸಿದವು. ಅದು ದೊಡ್ಡ ಕೆಲಸವೇ. ಆದರೆ ಆ ಯಂತ್ರಗಳಿಲ್ಲದವರು ಬುದ್ಧಿಯಿಂದ ಸಾಧಿಸಿದ್ದು ಅದಕ್ಕಿಂತ ದೊಡ್ಡದು.

ಅದಕ್ಕೇ ವೊಸ್ತೋಕ್ ಆಂಫಿಬಿಯಾದಿಂದ ಶುರುಮಾಡಿ ಎನ್ನುತ್ತೇನೆ. ಸೋವಿಯತ್ ಒಕ್ಕೂಟದಲ್ಲಿ ಕಾಮಾ ನದಿಯ ದಂಡೆಯ ಚಿಸ್ತೊಪೋಲ್ ಊರಿನ ಕಾರ್ಖಾನೆ 1967ರಲ್ಲಿ ತಂದ ವಾಚಿದು. ಸಾಮಾನ್ಯ ವಾಚಿನ ಹಿಂಬದಿ ಮುಚ್ಚಳವನ್ನು ತಿರುಪುವಾಗ ತೆಳು ರಬ್ಬರ್ ರಿಂಗೂ ಅದರೊಡನೆ ಎಳೆದುಕೊಂಡು ಹಿಂಡಿಹೋಗುತ್ತದೆ. ಆಂಫಿಬಿಯಾದ ವಿನ್ಯಾಸಕಾರರಾದ ಮಿಖಾಯಿಲ್ ನೋವಿಕೋವ್ ಮತ್ತು ವೆರಾ ಬೆಲೋವಾ ಆ ಮುಚ್ಚಳವನ್ನು ಎರಡು ತುಂಡು ಮಾಡಿದರು. ಉಕ್ಕಿನ ಬಿಲ್ಲೆ ಕೇಸಿನ ಕಚ್ಚುಗಳಲ್ಲಿ ಕೂತು ಅಲ್ಲಾಡದೆ ನಿಲ್ಲುತ್ತದೆ. ತಿರುಪಿನ ಬಳೆ ಬೇರೆಯಾಗಿ ಬಂದು ಅದನ್ನು ಅದುಮುತ್ತದೆ. ಬಿಲ್ಲೆಯ ಕೆಳಗೆ ಅಗಲವಾದ ದಪ್ಪ ಗ್ಯಾಸ್ಕೆಟ್. ಬಳೆ ಎಷ್ಟು ತಿರುಗಿದರೂ ಗ್ಯಾಸ್ಕೆಟ್ ಮುರುಟುವುದಿಲ್ಲ.

ಸೊಗಸು ಇನ್ನು ಮುಂದಿದೆ. 200 ಮೀಟರ್ ಆಳದಲ್ಲಿ ನೀರು ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 20 ಕೆ.ಜಿ. ಭಾರ ಹೇರುತ್ತದೆ. ಆ ಭಾರವೇ ಬಿಲ್ಲೆಯನ್ನು ಗ್ಯಾಸ್ಕೆಟ್ಟಿಗೆ ಒತ್ತುತ್ತದೆ. ಒಳಗಿನಿಂದ ಮುಚ್ಚಳ ಕೂರಿಸುವ ಕುಕ್ಕರಿನಲ್ಲಿ ಹಬೆಯೇ ಮುಚ್ಚಳವನ್ನು ಬಿಗಿಹಿಡಿಯುತ್ತದಲ್ಲ, ಹಾಗೆ. ಆಳ ಹೆಚ್ಚಿದಷ್ಟೂ ಬಿಗಿ ಹೆಚ್ಚು. ದಪ್ಪ ಅಕ್ರಿಲಿಕ್ ಗಾಜು ಕೂಡ ಒತ್ತಡಕ್ಕೆ ತುಸು ಬಾಗಿ, ಕೇಸಿನ ಅಂಚಿಗೆ ಇನ್ನಷ್ಟು ಕಚ್ಚಿಕೊಳ್ಳುತ್ತದೆ. ಒಳನುಗ್ಗಲು ಬಂದ ನೀರಿನಿಂದಲೇ ಬಾಗಿಲು ಹಾಕಿಸಿದ ಜಾಣ್ಮೆ ಇದು.

ತಿರುಪು ಬಿಚ್ಚಿದರೆ ಇದರ ಕ್ರೌನ್ ಲೊಡಲೊಡ ಅಲ್ಲಾಡುತ್ತದೆ. ಹೊಸಬರು ಕೆಟ್ಟಿದೆ ಎಂದು ವಾಪಸು ಕೊಡುತ್ತಾರೆ. ಕೆಟ್ಟಿಲ್ಲ, ಬಿಗಿ ಮಾಡುವಾಗಿನ ಒತ್ತಡ, ಹೊರಗಿನ ಪೆಟ್ಟು ಒಳಗಿನ ಸ್ಟೆಮ್ಮಿಗೆ ತಟ್ಟದಿರಲೆಂದು ಹಾಗೆ ಸಡಿಲ ಬಿಟ್ಟಿದ್ದಾರೆ.

ನನಗಿದು ತಿಳಿದದ್ದು ಚಿಕ್ಕಪೇಟೆಯ ಒಂದು ರಿಪೇರಿ ಅಂಗಡಿಯಲ್ಲಿ. ಅಲ್ಲಿನ ಹಿರಿಯರು ಕಣ್ಣಿಗೆ ಲೂಪ್ ಸಿಕ್ಕಿಸಿಕೊಂಡು ಬಳೆ ಬಿಚ್ಚಿ, ಬಿಲ್ಲೆಯನ್ನು ಇಕ್ಕಳದಲ್ಲಿ ಎತ್ತಿ ಹಿಡಿದು, “ನೋಡಿ ಸಾರ್, ಎಷ್ಟು ಬಿಗಿ ಮಾಡಿದ್ರೂ ಇದು ತಿರ್ಗಲ್ಲ” ಅಂದರು. ಅಂದಿನಿಂದ ಯಾವ ವಾಚನ್ನೂ ನಾನು ಡಯಲ್ ಕಡೆಯಿಂದ ನೋಡಲು ಶುರುಮಾಡಿಲ್ಲ.

ಎರಡನೆಯ ವಾಚಾಗಿ ಸೀಕೋ 6309-7040 ಸಾಕು. 1976ರಿಂದ 1988ರವರೆಗೆ ಬಂದದ್ದು, 150 ಮೀಟರಿನದು, ‘ಟರ್ಟಲ್’ ಎಂದೇ ಹೆಸರುವಾಸಿ. ಅದರ ಹಿಂಬದಿಯ ಸರಣಿ ಸಂಖ್ಯೆಯ ಮೊದಲ ಅಂಕೆ ತಯಾರಾದ ವರ್ಷದ ಕೊನೆಯ ಅಂಕೆ. ಎರಡನೆಯದು ತಿಂಗಳು: ಅಕ್ಟೋಬರಿಗೆ ಸೊನ್ನೆ, ನವೆಂಬರಿಗೆ ‘ಎನ್’, ಡಿಸೆಂಬರಿಗೆ ‘ಡಿ’. ಡಯಲಿನ ಕೆಳಂಚಿನ ಸಣ್ಣ ಅಕ್ಷರಗಳಲ್ಲಿ 6309 ಎಂದಿಲ್ಲದಿದ್ದರೆ ಆ ಡಯಲ್ ಬೇರೆಲ್ಲಿಂದಲೋ ಬಂದದ್ದು.

ಹೊಳಪಿನ ಹುಚ್ಚು ಬಿಡಿ. ಮರುಬಣ್ಣ ಹಚ್ಚಿದ ‘ಮುಂಬೈ ಸ್ಪೆಷಲ್’ ಡಯಲುಗಳಿಗೆ ಮರುಳಾಗುವವರು ವಾಚನ್ನಲ್ಲ, ಪೇಂಟನ್ನು ಕೊಳ್ಳುತ್ತಾರೆ. ಪಾಲಿಶ್ ಚಕ್ರಕ್ಕೆ ಕೊಟ್ಟ ಕೇಸಿನ ಚೂಪು ಅಂಚುಗಳು ಹೋದವೆಂದರೆ ಹೋದವೇ. ಹಳೆಯ ಸ್ವಿಸ್ ಡೈವ್ ವಾಚುಗಳ ಮುಳ್ಳಿನಲ್ಲಿರುವ ಟ್ರಿಟಿಯಂ ಶಕ್ತಿ 12 ವರ್ಷಗಳಿಗೊಮ್ಮೆ ಸರಿಸುಮಾರು ಅರ್ಧವಾಗುತ್ತದೆ. 1970ರ ಅಂಥ ವಾಚು ಕತ್ತಲಲ್ಲಿ ಝಗ್ಗನೆ ಬೆಳಗಿದರೆ ಹಿಗ್ಗಬೇಡಿ, ಅನುಮಾನಿಸಿ. ಕೆನೆಬಣ್ಣಕ್ಕೆ ತಿರುಗಿ ಮಂಕಾಗಿರುವುದೇ ಅದರ ವಯಸ್ಸಿಗೆ ತಕ್ಕ ಲಕ್ಷಣ. ಸ್ಟ್ರಾಪ್ ಬಗ್ಗೆ ಹೇಳುವಂಥದ್ದೇನಿಲ್ಲ, ಯಾವುದಾದರೂ ಹಾಕಿ.

ಡಯಲಿನ ಮೇಲೆ 200 ಮೀಟರ್ ಎಂದು ಬರೆದದ್ದು ಅಂದಿನ ಹೊಸ ರಬ್ಬರನ್ನು ನಂಬಿ. ಗ್ಯಾಸ್ಕೆಟ್ ಬದಲಿಸಿ ಒತ್ತಡ ಪರೀಕ್ಷೆ ಮಾಡಿಸುವವರೆಗೆ ಮಳೆಯಲ್ಲೂ ಕಟ್ಟಬೇಡಿ. ಕೊಳ್ಳುವ ದಿನ ಬೆಲೆ ಕೇಳುವ ಮೊದಲು ಹಿಂಬದಿ ಬಿಚ್ಚಿ ತೋರಿಸಲು ಹೇಳಿ. ಮಾರುವವನು ಹಿಂಜರಿದರೆ ವಾಚನ್ನು ಅಲ್ಲೇ ಬಿಟ್ಟು ಬನ್ನಿ.