ಕಲಾವಿದರ ಜೊತೆ ಒಂದು ಸಂಜೆ

ಬೆಂಗಳೂರಿನ ಕುಮಾರಕೃಪಾ ರಸ್ತೆಯ ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿ ಪ್ರದರ್ಶನವೊಂದು ಶುರುವಾಗುವ ಸಂಜೆಗೆ ಬೇರೆಯದೇ ಕಳೆ. ದೀಪ ಬೆಳಗಿ, ಭಾಷಣ ಮುಗಿದ ಮೇಲೆ ನಿಜವಾದ ಕಾರ್ಯಕ್ರಮ ಆರಂಭವಾಗುತ್ತದೆ: ಕಲಾವಿದರು ತಮ್ಮ ಕೃತಿಯ ಪಕ್ಕದಲ್ಲೇ ಮಾತಿಗೆ ಸಿಗುತ್ತಾರೆ.

ಮೈಸೂರು ಶೈಲಿಯ ಚಿತ್ರಕಾರರನ್ನು ಗೆಸ್ಸೊ ಬಗ್ಗೆ ಕೇಳಬೇಕು. ಬಿಳಿ ಪುಡಿ, ಅಂಟು ಸೇರಿಸಿ ಆಭರಣದ ಗೆರೆಗಳನ್ನು ತುಸುವೇ ಉಬ್ಬಿಸಿ, ಅದರ ಮೇಲೆ ಚಿನ್ನದ ರೇಕು ಕೂರಿಸುತ್ತಾರೆ. ತಂಜಾವೂರು ಚಿತ್ರಗಳಲ್ಲಿ ಉಬ್ಬು ದಪ್ಪ. ಇಲ್ಲಿ ಬೆರಳಾಡಿಸಿದರಷ್ಟೇ ತಿಳಿಯುವಷ್ಟು ತೆಳು. ಆ ಸಂಯಮವೇ ಮೈಸೂರಿನ ಸೊಗಸು.

ಶಿಲ್ಪಿಗಳ ಮಾತಿನಲ್ಲಿ ಬೆಂಕಿ, ಮಣ್ಣು, ಲೋಹ. ಕಂಚಿನ ಎರಕಕ್ಕೆ ಮೊದಲು ಮೇಣದ ರೂಪ ಸಿದ್ಧವಾಗಬೇಕು. ಅದಕ್ಕೆ ಮಣ್ಣು ಮೆತ್ತಿ ಕಾಯಿಸಿದರೆ ಮೇಣ ಕರಗಿ ಹರಿದುಹೋಗುತ್ತದೆ. ಆ ಖಾಲಿ ಜಾಗಕ್ಕೆ ಕಾದ ಲೋಹ ಸುರಿಯುತ್ತಾರೆ. ಅಚ್ಚು ಒಡೆದ ಮೇಲೂ ಅರದಿಂದ ಉಜ್ಜುವ, ಹೊಳಪು ಕೊಡುವ ಕೆಲಸ ಉಳಿದಿರುತ್ತದೆ. ಇದನ್ನು ಕೇಳಿದವರು ವಿಗ್ರಹವನ್ನು ಮತ್ತೊಮ್ಮೆ ಸುತ್ತಿ ನೋಡದೆ ಇರಲಾರರು.

1960ರಲ್ಲಿ ಸ್ಥಾಪನೆಯಾದ ಪರಿಷತ್ತಿಗೆ ಈ ಒಡನಾಟ ಹೊಸತಲ್ಲ. ಅದನ್ನು ಕಟ್ಟಿ ಬೆಳೆಸಿದ ಎಂ.ಎಸ್. ನಂಜುಂಡರಾವ್ ಹಳ್ಳಿಗಳ ತೊಗಲುಗೊಂಬೆಗಳನ್ನೂ ಕಲೆಯ ಅಂಗಳಕ್ಕೆ ತಂದರು. ಜನವರಿಯ ಚಿತ್ರಸಂತೆಯಲ್ಲಿ ಇದೇ ಮಾತುಕತೆ ಇಡೀ ರಸ್ತೆಗೆ ಹರಡುತ್ತದೆ.

ಚಿತ್ರ ಕೊಳ್ಳಲು ಆಗದಿದ್ದರೂ ಸಂಕೋಚ ಬೇಡ. ಹೋಗಿ, ನಿಧಾನವಾಗಿ ನೋಡಿ, ಹೇಗೆ ಮಾಡಿದಿರಿ ಎಂದು ಕೇಳಿ. ಮಕ್ಕಳನ್ನೂ ಕರೆದೊಯ್ಯಿರಿ.