ಹಲಗಲಿಯ ಲಾವಣಿಯಲ್ಲಿ ಕೊಳ್ಳೆಯ ಪಟ್ಟಿ

ಹಲಗಲಿಯ ಬೇಡರನ್ನು ಕುರಿತ ಲಾವಣಿಯನ್ನು ವೀರಗೀತವೆಂದು ಹೊಗಳುವುದು ನಮ್ಮಲ್ಲಿ ರೂಢಿಯಾಗಿದೆ. ಈ ಹೊಗಳಿಕೆ ಅಸತ್ಯವಲ್ಲ, ಅಪೂರ್ಣ. ಕಾವ್ಯದ ನಿಜವಾದ ಸತ್ತ್ವವಿರುವುದು ಹೋರಾಟದ ವರ್ಣನೆಯಲ್ಲಲ್ಲ, ಕೊನೆಯಲ್ಲಿ ಬರುವ ಕೊಳ್ಳೆಯ ಪಟ್ಟಿಯಲ್ಲಿ ಎಂಬುದು ನಮ್ಮ ಅಭಿಪ್ರಾಯ.

ಚರಿತ್ರೆಯ ಸಂಗತಿ ಸುಪರಿಚಿತವಾದುದು. 1857ರಲ್ಲಿ ಜನರು ಆಯುಧಗಳನ್ನು ಒಪ್ಪಿಸಬೇಕೆಂಬ ಶಾಸನ ಹೊರಟಿತು. ಮುಧೋಳ ಸಂಸ್ಥಾನಕ್ಕೆ ಸೇರಿದ್ದ ಹಲಗಲಿಯ ಬೇಡರು ಅದಕ್ಕೆ ಮಣಿಯಲಿಲ್ಲ. ನವೆಂಬರ್ ಕೊನೆಯಲ್ಲಿ ಸೈನ್ಯ ಊರಿನ ಮೇಲೆ ಬಿದ್ದು ಬೆಂಕಿಯಿಟ್ಟಿತು. ಸೆರೆಸಿಕ್ಕವರಲ್ಲಿ 19 ಮಂದಿಯನ್ನು ಡಿಸೆಂಬರ್ 11ರಂದು ಮುಧೋಳದಲ್ಲಿಯೂ 14ರಂದು ಹಲಗಲಿಯಲ್ಲಿಯೂ ಗಲ್ಲಿಗೇರಿಸಿದರು. ಕುರ್ತಕೋಟಿ ಕಲ್ಮೇಶನ ಅಂಕಿತವುಳ್ಳ ಈ ಲಾವಣಿಯನ್ನು ಅಚ್ಚಿನಲ್ಲಿ ಉಳಿಸಿದವರು, ಅದೇ ಆಳಿಕೆಯ ಅಧಿಕಾರಿಯಾಗಿದ್ದ ಶಾಸನತಜ್ಞ ಜೆ. ಎಫ್. ಫ್ಲೀಟರು. ಅವರು ಸಂಗ್ರಹಿಸಿದ ಕನ್ನಡ ಲಾವಣಿಗಳು 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟವಾದವು.

ಲಾವಣಿಯ ನಡೆ ಸರಳವಾಗಿದೆ. ವಿಲಾಯಿತಿಯ ಹುಕುಂ, ಹನುಮ, ಬಾಲ, ಜಡಗ, ರಾಮರ ನಿರ್ಧಾರ, ದಂಡಿನ ಆಗಮನ, ಕಾಳಗ. ಇಷ್ಟರವರೆಗೆ ಇದು ಇತರ ವೀರಲಾವಣಿಗಳಂತೆಯೇ ಸಾಗುತ್ತದೆ. ಆದರೆ ಕಾಳಗ ಮುಗಿದ ಮೇಲೆ ಕವಿ ಮಡಿದವರ ಪರಾಕ್ರಮವನ್ನು ಕೊಂಡಾಡುತ್ತ ನಿಲ್ಲುವುದಿಲ್ಲ, ಮನೆಗಳೊಳಕ್ಕೆ ಹೋಗುತ್ತಾನೆ. ಕೊಡಲಿ, ನೇಗಿಲ ಕುಡ, ಹಾಲು, ಬೆಣ್ಣೆ, ಉಪ್ಪು, ಅರಿಸಿನ, ಬೆಲ್ಲ, ಮಂಗಳಸೂತ್ರ, ಬೀಸುವ ಕಲ್ಲು ಮೊದಲಾದ ಕೊಳ್ಳೆಹೋದ ಒಂದೊಂದು ವಸ್ತುವನ್ನೂ ಹೆಸರಿಸುತ್ತಾನೆ.

ಪ್ರಾಸದ ಅನುಕೂಲಕ್ಕಾಗಿ ಹೆಣೆದ ಪಟ್ಟಿ ಇದೆಂದು ಕೆಲವರು ಆಕ್ಷೇಪಿಸಬಹುದು. ಪಟ್ಟಿ ಕೊಡುವುದು ನಮ್ಮ ಪ್ರಾಚೀನ ಕವಿಗಳಿಗೂ ಪ್ರಿಯವಾಗಿತ್ತು. ಹೂಗಳನ್ನೂ ಆಯುಧಗಳನ್ನೂ ಭಕ್ಷ್ಯಗಳನ್ನೂ ಅವರು ಎಣಿಸಿದ್ದಾರೆ. ಆದರೆ ಅಲ್ಲಿಯ ಪಟ್ಟಿ ಸಮೃದ್ಧಿಯದು, ಇಲ್ಲಿಯದು ನಷ್ಟದ್ದು. ಪ್ರಾಸ ಪದಗಳ ಕ್ರಮವನ್ನು ನಿರ್ಣಯಿಸಿರಬಹುದು. ಅಡುಗೆಮನೆಯನ್ನು ಆರಿಸಿಕೊಂಡದ್ದು ಪ್ರಾಸವಲ್ಲ, ಕವಿಯೇ.

ಈ ಆಯ್ಕೆಯ ಅರ್ಥವನ್ನು ಪರಿಶೀಲಿಸೋಣ. ಸರ್ಕಾರ ಕೇಳಿದ್ದು ಆಯುಧವನ್ನು. ಕೊನೆಗೆ ಹೋದದ್ದು ನೇಗಿಲ ಕುಡವೂ ಕೂಡ. ಹುಕುಮಿನಲ್ಲಿದ್ದುದಕ್ಕೂ ಮನೆಯಿಂದ ಹೋದುದಕ್ಕೂ ಇರುವ ಈ ಅಂತರವನ್ನು ಕವಿ ವ್ಯಾಖ್ಯಾನಿಸುವುದಿಲ್ಲ, ಎದುರಿಗಿಡುತ್ತಾನೆ. ಉಪ್ಪು, ಬೆಲ್ಲಗಳ ನಡುವೆ ಮಂಗಳಸೂತ್ರದ ಮಾತು ಬರುವಾಗ ಧ್ವನಿ ಸ್ವಲ್ಪವೂ ಏರುವುದಿಲ್ಲ. ಏರದಿರುವುದರಿಂದಲೇ ಕೇಳುವವನ ಎದೆಗೆ ತಾಗುತ್ತದೆ. ಇನ್ನು ಬೀಸುವ ಕಲ್ಲು: ಅದು ಭಾರವಾದುದು, ಮಾರಿದರೆ ಹೆಚ್ಚು ಬೆಲೆ ಬಾರದುದು. ಅದೂ ಹೋಯಿತೆಂದರೆ, ಆ ಮನೆಯಲ್ಲಿ ನಾಳೆ ಹಿಟ್ಟು ಬೀಸುವವರು ಇರಬಾರದೆಂಬುದೇ ಉದ್ದೇಶವಾಗಿತ್ತೆಂಬಂತೆ ತೋರುತ್ತದೆ. ದಂಡನೆ ಬಂಡೆದ್ದವರಿಗೆ ಮಾತ್ರವಲ್ಲ, ಇಡೀ ಊರಿಗೆ. ಹಲಗಲಿಯ ಗುರುತೇ ಉಳಿಯಲಿಲ್ಲವೆಂದು ಕವಿ ಹೇಳುವುದು ಅತಿಶಯೋಕ್ತಿಯಂತೆ ಕಂಡರೂ ಅದು ದಂಡನೆಯ ಸ್ವರೂಪದ ನಿಷ್ಠುರವಾದ ನಿರೂಪಣೆ.

ಎರಡನೆಯ ಮಹಾಯುದ್ಧದ ಒಂದು ಘಟನೆಯೊಡನೆ ಹೋಲಿಸಿದರೆ ಈ ಮಾತು ಸ್ಪಷ್ಟವಾದೀತು. ಜೆಕ್ ದೇಶವನ್ನಾಳುತ್ತಿದ್ದ ನಾಜಿ ಅಧಿಕಾರಿ ಹೈಡ್ರಿಖ್ ಪ್ರತಿರೋಧಕರ ದಾಳಿಯಿಂದ ಸತ್ತ ಮೇಲೆ, 1942ರ ಜೂನ್ 10ರಂದು ಲಿಡಿತ್ಸೆ ಎಂಬ ಹಳ್ಳಿಯಲ್ಲಿ 173 ಗಂಡಸರನ್ನು ಗುಂಡಿಕ್ಕಿ ಕೊಂದರು. ಹೆಂಗಸರನ್ನು ಸೆರೆಶಿಬಿರಕ್ಕೆ ಅಟ್ಟಿದರು. ಮಕ್ಕಳಲ್ಲಿ ಬಹುಪಾಲನ್ನು ವಿಷವಾಯುವಿನಿಂದ ಕೊಂದರು. ಮನೆಗಳನ್ನು ಸುಟ್ಟು ನೆಲಸಮಮಾಡಿದರು, ಸ್ಮಶಾನವನ್ನೂ ಬಿಡಲಿಲ್ಲ. ಎರಡು ಘಟನೆಗಳ ಪ್ರಮಾಣವೂ ಕಾಲವೂ ಬೇರೆ. ಅವುಗಳನ್ನು ಸಮೀಕರಿಸುವುದು ನಮ್ಮ ಉದ್ದೇಶವಲ್ಲ. ಆದರೆ ಒಬ್ಬರ ಪ್ರತಿರೋಧಕ್ಕೆ ಊರನ್ನೇ ಹೊಣೆಮಾಡಿ ಅದರ ಗುರುತನ್ನಳಿಸುವ ತರ್ಕ ಎರಡರಲ್ಲಿಯೂ ಒಂದೇ.

ಅಧಿಕೃತ ದಾಖಲೆ ಸತ್ತವರನ್ನೂ ಸೆರೆಯಾದವರನ್ನೂ ಎಣಿಸುತ್ತದೆ. ಬದುಕಿ ಉಳಿದವರು ಏನನ್ನು ಕಳೆದುಕೊಂಡರೆಂಬ ಲೆಕ್ಕ ಅದರಲ್ಲಿಲ್ಲ. ಆ ಲೆಕ್ಕವನ್ನು ಇಟ್ಟವನು ಲಾವಣಿಕಾರ. ತರಗತಿಯಲ್ಲಿ ಈ ಪದ್ಯವನ್ನು ಬೋಧಿಸುವಾಗ ಕಾಳಗವನ್ನು ವಿಸ್ತರಿಸಿ ಪಟ್ಟಿಯನ್ನು ಪುನರುಕ್ತಿಯೆಂದು ದಾಟಿಬಿಟ್ಟರೆ, ಬೇಡರ ಶೌರ್ಯ ಉಳಿದೀತು; ಆ ಶೌರ್ಯಕ್ಕೆ ತೆತ್ತ ಬೆಲೆ ಮರೆಯಾಗುತ್ತದೆ. ಆ ಬೆಲೆಯನ್ನು ತೆತ್ತವರಲ್ಲಿ ಕತ್ತಿ ಹಿಡಿಯದ ಹೆಂಗಸರೂ ಮಕ್ಕಳೂ ಇದ್ದರು. ಅವರ ಪಾಲಿನ ಇತಿಹಾಸ ಈ ಪಟ್ಟಿಯಲ್ಲಿದೆ. ಆದಕಾರಣ ಅದನ್ನು ನಿಧಾನವಾಗಿ, ಒಂದೊಂದು ವಸ್ತುವಿನ ಬಳಿಯೂ ನಿಂತು ಓದಬೇಕಾದುದು ಯುಕ್ತ.